ಬೇರೆಯವರ ಫೋಟೊ ಬಗ್ಗೆ ಏನು ಹೇಳಲಿ, ಎಷ್ಟು ಹೇಳಲಿ?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ಬ್ಯಾಂಕ್ ನೌಕರ. ವರ್ಗವಾಗಿ ಕುಂದಾಪುರಕ್ಕೆ ಬಂದಿದ್ದೇನೆ. ಇಲ್ಲಿ ಫೋಟೊಗ್ರಫಿ ಹುಚ್ಚಿರುವ ಹದಿನೈದು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬೊಬ್ಬರೂ ತಮ್ಮ ಚಿತ್ರಗಳನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಬೇಕು, ಉಳಿದವರು ಅಭಿಪ್ರಾಯ ಹೇಳಬೇಕು. ನಾನು ಒಂದು ಕೋರ್ಸ್ ಮಾಡಿದ್ದೇನೆ ಎಂದು ಗೊತ್ತಾದ ಮೇಲೆ "ನೀವೇ ಮೊದಲು ಹೇಳಿ" ಎನ್ನುತ್ತಾರೆ. ಹಿಂದಿನ ಸಲ ಡಿಪ್ಲೊಮಾ ಓದುವ ಹುಡುಗನೊಬ್ಬ ಕಾರ್ಕಳ ಕಡೆ ತೆಗೆದ ಕಂಬಳದ ಫೋಟೊ ತೋರಿಸಿದ. ರಾತ್ರಿಯ ಚಿತ್ರ. ಕೋಣಗಳು, ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತವನು, ಮೇಲಕ್ಕೆ ಚಿಮ್ಮಿದ ನೀರು, ಎಲ್ಲ ಚೆನ್ನಾಗಿತ್ತು. ಆದರೆ ನೀರಿನ ಮೇಲೆ ಖಾಲಿ ಕತ್ತಲು, ಅದರ ಮೇಲೆ ಒಂದು ಬಟ್ಟೆಯ ಪಟ್ಟಿ ಅಡ್ಡ ಬಂದಿತ್ತು. ಹಿಂದೆ ಪ್ರಾಯೋಜಕರ ಫ್ಲೆಕ್ಸ್ ಬೇರೆ. ನಾನು ಕಂಡದ್ದನ್ನು ಹೇಳಿದೆ: ಫೋಟೊ ಸ್ವಲ್ಪ ವಾಲಿದೆ, ನಾಯ್ಸ್ (ಕಾಳುಕಾಳಾದ ಚುಕ್ಕಿಗಳು) ಇದೆ, ಶಾರ್ಪ್ ಇಲ್ಲ, ಮೇಲಿನ ಬಟ್ಟೆ ಸಮೇತ ಕ್ರಾಪ್ ಮಾಡಿದರೆ (ಅಂಚು ಕತ್ತರಿಸಿದರೆ) ಕೋಣಗಳು ರೂಲ್ ಆಫ್ ಥರ್ಡ್ಸ್‌ಗೆ, ಅಂದರೆ ಚಿತ್ರವನ್ನು ಮೂರು ಮೂರು ಪಾಲು ಮಾಡುವ ಗೆರೆಗಳ ಮೇಲೆ ಮುಖ್ಯವಾದದ್ದು ಇರಬೇಕೆಂಬ ಸೂತ್ರಕ್ಕೆ, ಸರಿಯಾಗಿ ಬರುತ್ತವೆ. ಹುಡುಗ "ಆಯ್ತು ಸರ್" ಅಂದ. ಈ ತಿಂಗಳು ಬರಲಿಲ್ಲ. ಬೇಜಾರಾಗಿದೆಯಂತೆ. ಅದೇ ದಿನ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕೋಟೇಶ್ವರ ಕೊಡಿಹಬ್ಬದ ತೇರಿನ ಫೋಟೊ ತೋರಿಸಿದರು. ಬಣ್ಣ ಕಣ್ಣಿಗೆ ರಾಚುತ್ತಿತ್ತು. ಎಲ್ಲರೂ "ಸೂಪರ್ ಸರ್" ಅಂದರು, ನಾನೂ ಅಂದೆ. ನಿಜ ಹೇಳಿದ್ದಕ್ಕೆ ಒಬ್ಬ ದೂರವಾದ, ಸುಳ್ಳು ಹೇಳಿದ್ದಕ್ಕೆ ನನಗೇ ನಾಚಿಕೆ. ನಾನೇನು ದೊಡ್ಡ ಫೋಟೊಗ್ರಾಫರ್ ಅಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದೇ? ಊರಲ್ಲಿರುವ ಅಕ್ಕನ ಮಗಳು ಮೊಬೈಲ್‌ನಲ್ಲಿ ತೆಗೆದ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ಮಾಮ, ಹೆಂಗೈತಿ?" ಅಂತಾಳೆ. ಅವಳಿಗೂ ಏನು ಹೇಳಬೇಕೋ ತಿಳಿಯದೆ ಹೆಬ್ಬೆರಳಿನ ಇಮೋಜಿ ಒತ್ತುತ್ತೇನೆ.

ಉತ್ತರ: ನಿಜ ಹೇಳಿದರೆ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಮೋಸ ಮಾಡಿದಂತೆ ಎಂಬ ಇಕ್ಕಟ್ಟಿನಲ್ಲಿ ನೀವಿದ್ದೀರಿ. ಇದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ನೀವು ಹುಡುಗನಿಗೆ ಹೇಳಿದ್ದು ಎಷ್ಟರಮಟ್ಟಿಗೆ "ನಿಜ" ಎಂದು ನೋಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಬಟ್ಟೆಯ ಪಟ್ಟಿಯ ಮೇಲೆ.

ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಬೇರೆ ಬೇರೆ ವಿಭಾಗಗಳಿವೆ. ಮೊದಲೆರಡರಲ್ಲಿ ವೇಗವೇ ಮುಖ್ಯ. ಕನೆಹಲಗೆಯ ಲೆಕ್ಕ ಬೇರೆ. ಓಡಿಸುವವನು ತೂತುಗಳಿರುವ ಮರದ ಹಲಗೆಯ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾನೆ, ಕೋಣಗಳು ಎಳೆಯುವ ರಭಸಕ್ಕೆ ಆ ತೂತುಗಳಿಂದ ಕೆಸರು ನೀರು ಮೇಲಕ್ಕೆ ಚಿಮ್ಮುತ್ತದೆ. ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಅಲ್ಲಿನ ಗೆಲುವು. ಅದನ್ನು ಅಳೆಯಲು ಕರೆಯ (ಕೋಣಗಳು ಓಡುವ ಕೆಸರಿನ ದಾರಿಯ) ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ; ಕೋಲು ಎಂಬುದು ಅಲ್ಲಿನ ಅಳತೆ. ಅದಕ್ಕೆ ನಿಶಾನೆ ಎನ್ನುತ್ತಾರೆ. ನೀರು ನಿಶಾನೆಗೆ ಹಾಯಬೇಕು. ನೀವು ಕ್ರಾಪ್ ಮಾಡಲು ಹೇಳಿದ್ದು ಆ ನಿಶಾನೆಯನ್ನು. ನೀರಿನ ತುದಿಗೂ ಬಟ್ಟೆಗೂ ನಡುವೆ ನಿಮಗೆ ಕಂಡ "ಖಾಲಿ ಕತ್ತಲು" ಇದೆಯಲ್ಲ, ನೀರು ಇನ್ನೂ ಏರುತ್ತಿದ್ದ ಕ್ಷಣವಾದರೆ ಅದು ಆ ಓಟದ ಉಸಿರು ಬಿಗಿಹಿಡಿದ ಜಾಗ. ನೀರು ಅಲ್ಲಿಗೇ ನಿಂತಿದ್ದರೆ ಅದೇ ಆ ಓಟದ ಫಲಿತಾಂಶ. ಹುಡುಗ ಬಹುಶಃ ಆ ಅಂತರವನ್ನೇ ಕಾದು ತೆಗೆದಿರಬೇಕು. ಅವನಿಗೆ ಬೇಜಾರಾಗಿದ್ದು ಟೀಕೆ ಖಾರವಾಯಿತು ಎಂದಲ್ಲ ಅಂತ ನನ್ನ ಊಹೆ. ತಾನು ತೋರಿಸಿದ್ದನ್ನು ಯಾರೂ ನೋಡಲಿಲ್ಲ ಎಂದು.

ದಾವಣಗೆರೆಯವರಾದ ನಿಮಗೆ ಇದು ಗೊತ್ತಿಲ್ಲದಿರುವುದು ತಪ್ಪೇನಲ್ಲ. ಆದರೆ ಆ ಕೋಣೆಯಲ್ಲಿ ಗೊತ್ತಿದ್ದವರು ನಾಲ್ಕಾರು ಜನರಾದರೂ ಇದ್ದಿರಬೇಕು, ಅವರ್ಯಾರೂ ಬಾಯಿ ಬಿಡಲಿಲ್ಲ. ಕೋರ್ಸ್ ಮಾಡಿದವರು ಮೊದಲು ಮಾತಾಡಿಬಿಟ್ಟರೆ ಹೀಗೇ ಆಗುವುದು. "ನೀವೇ ಮೊದಲು ಹೇಳಿ" ಎಂಬುದು ಗೌರವದಂತೆ ಕೇಳಿಸಿದರೂ ನಿಮ್ಮನ್ನು ಸಿಕ್ಕಿಸುವ ಮಾತು. ಮುಂದಿನ ಸಲ ನಯವಾಗಿ ತಪ್ಪಿಸಿಕೊಳ್ಳಿ.

ಇನ್ನು ನೀವು ಆ ನಾಲ್ಕೇ ಅಂಶಗಳನ್ನು ಆರಿಸಿಕೊಂಡದ್ದು ಏಕೆ? ವಾಲಿದೆ, ನಾಯ್ಸ್ ಇದೆ, ಶಾರ್ಪ್ ಇಲ್ಲ, ಥರ್ಡ್ಸ್‌ಗೆ ಬಂದಿಲ್ಲ. ಇವು ಯಾವ ಫೋಟೊಗೆ ಬೇಕಾದರೂ ಹೊಂದುವ ಮಾತುಗಳು. ಎದುರಿಗಿರುವುದು ಕೋಣವೋ ಕೊಕ್ಕರೆಯೋ ಮದುಮಗಳೋ ತಿಳಿಯದಿದ್ದರೂ ಹೇಳಬಹುದು. ದಿಢೀರನೆ ಎಬ್ಬಿಸಿ "ಹೇಳಿ" ಅಂದಾಗ ಎಲ್ಲರ ಕೈಗೂ ಸಿಗುವುದು ಅವೇ. ಸ್ಪರ್ಧೆಗಳ ತೀರ್ಪುಗಾರಿಕೆಯಲ್ಲೂ, ತರಗತಿಗಳಲ್ಲೂ ನಾನು ಬಹಳ ನೋಡಿದ್ದೇನೆ: ಚಿತ್ರ ಅರ್ಥವಾಗದಿದ್ದಾಗ ತಾಂತ್ರಿಕ ದೋಷಗಳ ಪಟ್ಟಿ ಉದ್ದವಾಗುತ್ತದೆ.

ಆ ಪಟ್ಟಿಯನ್ನೇ ಒಂದೊಂದಾಗಿ ನೋಡೋಣ, ಏಕೆಂದರೆ ಅದರಲ್ಲಿ ನಂಬಿಕೆ ಎಷ್ಟು, ವಿಷಯ ಎಷ್ಟು ಎಂದು ಬೇರ್ಪಡಿಸದಿದ್ದರೆ ಮುಂದಿನ ತಿಂಗಳೂ ಇದೇ ಆಗುತ್ತದೆ.

ರೂಲ್ ಆಫ್ ಥರ್ಡ್ಸ್ ಎಂಬ ಹೆಸರು ಕ್ಯಾಮೆರಾಗಿಂತ ಹಳೆಯದು. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರ ಭೂದೃಶ್ಯದ ಬಗ್ಗೆ ಬರೆಯುತ್ತ ಅದನ್ನು ಬಳಸಿದ. ನೆಲ, ನೀರು, ಆಕಾಶಗಳನ್ನು ಯಾವ ಪ್ರಮಾಣದಲ್ಲಿ ಹಂಚಿದರೆ ಕಣ್ಣಿಗೆ ಹಿತ ಎಂಬುದು ಅವನ ಚಿಂತೆಯಾಗಿತ್ತು. ನಡುವೆಯೇ ಎಲ್ಲವನ್ನೂ ಇಡುವ ಚಾಳಿ ಬಿಡಿಸಲು ಹೊಸಬರಿಗೆ ಅದು ಉಪಯೋಗ, ಅಷ್ಟೇ. ನಿಶಾನೆ, ನೀರು, ಕೋಣ ಮೂರೂ ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಬರಬೇಕಾದ ಚಿತ್ರಕ್ಕೆ ಆ ಗೆರೆಗಳನ್ನು ಹಾಕಿ ನೋಡುವುದರಲ್ಲಿ ಅರ್ಥವಿಲ್ಲ.

ಹಾಗೆಂದು "ಕ್ರಾಪ್ ಮಾಡುವುದೇ ತಪ್ಪು" ಎನ್ನುವ ಇನ್ನೊಂದು ಗುಂಪಿದೆ, ಅವರ ಮಾತೂ ಬೇಡ. ಕ್ರಾಪ್ ಮಾಡದವನೆಂದೇ ಹೆಸರಾದ ಫ್ರೆಂಚ್ ಫೋಟೊಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸೊನ್ 1932ರಲ್ಲಿ ಪ್ಯಾರಿಸ್‌ನ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುವ ಮನುಷ್ಯನನ್ನು ತೆಗೆದ ಪ್ರಸಿದ್ಧ ಚಿತ್ರ ಕ್ರಾಪ್ ಆದದ್ದೇ. ಬೇಲಿಯ ಸಂದಿನಿಂದ ತೆಗೆದಿದ್ದರಿಂದ ಒಂದು ಬದಿ ಮರೆಯಾಗಿತ್ತು. ಹಾರುವವನೂ ಮಸುಕಾಗಿಯೇ ಇದ್ದಾನೆ.

ನಾಯ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರಾತ್ರಿ ಕಂಬಳದಲ್ಲಿ ಫ್ಲಡ್‌ಲೈಟ್ ಎಷ್ಟೇ ಹಾಕಿದರೂ ಕ್ಯಾಮೆರಾಗೆ ಅದು ಮಂದ ಬೆಳಕೇ. ಚಿಮ್ಮುವ ನೀರಿನ ಹನಿಗಳು ನಿಂತಂತೆ ಕಾಣಬೇಕಾದರೆ ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಎಫ್/2.8ರ ದುಬಾರಿ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ) ಇದ್ದವನಿಗೆ ಅಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 6400 ಸಾಕಾಯಿತು ಎಂದಿಟ್ಟುಕೊಳ್ಳಿ; ಅದನ್ನು ಏರಿಸಿದಷ್ಟೂ ನಾಯ್ಸ್ ಹೆಚ್ಚು. ಕ್ಯಾಮೆರಾ ಜೊತೆ ಬರುವ ಸಾದಾ ಜೂಮ್ ಲೆನ್ಸು ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದರೊಳಗೆ ಬರುವ ಬೆಳಕು ನಾಲ್ಕರಲ್ಲಿ ಒಂದು ಪಾಲು. ಅದೇ ಚಿತ್ರಕ್ಕೆ ಸಾದಾ ಲೆನ್ಸಿನವನಿಗೆ 25600 ಐಎಸ್‌ಒ ಬೇಕಾಗುತ್ತದೆ. ಡಿಪ್ಲೊಮಾ ಓದುವ ಹುಡುಗನ ಬಳಿ ಯಾವ ಲೆನ್ಸ್ ಇರುತ್ತದೆಂದು ನೀವೇ ಯೋಚಿಸಿ. "ನಾಯ್ಸ್ ಇದೆ" ಎನ್ನುವುದು ಬಹುತೇಕ ಸಂದರ್ಭಗಳಲ್ಲಿ ಅವನ ಲೆನ್ಸಿನ ಬೆಲೆಯ ಬಗ್ಗೆ ಆಡಿದ ಮಾತಾಗುತ್ತದೆ. ಅದು ಅವನಿಗೆ ಮೊದಲೇ ಗೊತ್ತಿದೆ.

ಉಪಯೋಗಕ್ಕೆ ಬರುವ ಮಾತೂ ಇದೆ. ರಾ ಕಡತದಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತದಲ್ಲಿ) ತೆಗೆದೆಯಾ? ಕತ್ತಲಾಗಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಕು ಎತ್ತಿದೆಯಾ? ಹಾಗೆ ಎತ್ತಿದರೆ ನೆರಳಿನ ಜಾಗಗಳಲ್ಲಿ ನಾಯ್ಸ್ ಇಮ್ಮಡಿಯಾಗಿ ಕಾಣುತ್ತದೆ, ಅದಕ್ಕಿಂತ ತೆಗೆಯುವಾಗಲೇ ಐಎಸ್‌ಒ ಏರಿಸುವುದು ವಾಸಿ. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ 2023ರಿಂದ ಬಂದಿರುವ ಡಿನಾಯ್ಸ್ (ನಾಯ್ಸ್ ತೆಗೆಯುವ) ಸೌಲಭ್ಯ ರಾ ಕಡತಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಥವಾ ಹಟ ಬಿಟ್ಟು ಶಟರನ್ನು ಅರವತ್ತರ ಒಂದು ಭಾಗಕ್ಕೆ ಇಳಿಸಿ, ಕೋಣಗಳ ಜೊತೆಯೇ ಕ್ಯಾಮೆರಾ ತಿರುಗಿಸಿ ಪ್ಯಾನಿಂಗ್ ಮಾಡಿದರೆ ಐಎಸ್‌ಒ 1600ರ ಹತ್ತಿರಕ್ಕೆ ಬರುತ್ತದೆ. ಹಿನ್ನೆಲೆಯ ಗಲೀಜೂ ಗೆರೆಗಳಾಗಿ ಕರಗುತ್ತದೆ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಅದನ್ನೂ ಹೇಳಿಬಿಡಿ.

"ಶಾರ್ಪ್ ಇಲ್ಲ" ಎಂಬುದು ಇನ್ನೂ ಹಗುರವಾದ ಮಾತು. ಯಾವ ಬಗೆಯಲ್ಲಿ ಇಲ್ಲ? ಕೋಣ ಮಸುಕಾಗಿ, ಹಿಂದಿನ ಜನ ಅಥವಾ ಮುಂದಿನ ಹುಲ್ಲು ಸ್ಪಷ್ಟವಿದ್ದರೆ ಫೋಕಸ್ ತಪ್ಪಿದೆ. ಫ್ರೇಮಿನಲ್ಲಿರುವ ಎಲ್ಲವೂ, ನಿಂತ ಕಂಬವೂ ಸೇರಿ, ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಕಂಬ ಸ್ಪಷ್ಟವಿದ್ದು ಕೋಣದ ಕಾಲುಗಳು ಮಾತ್ರ ಎಳೆದಂತಿದ್ದರೆ ಶಟರ್ ಸಾಕಾಗಿಲ್ಲ, ಬಹಳ ಸಲ ಅದು ದೋಷವೇ ಅಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ಗುರುತಿಸಿ ಹೇಳಿದರೆ ಅದು ಸಲಹೆ. ನಾಲ್ಕನೆಯ ಸಾಧ್ಯತೆಯೊಂದಿದೆ: ನಿಮ್ಮ ಸಭೆಯಲ್ಲಿ ತೋರಿಸಿದ್ದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಾಗಿದ್ದರೆ, ಆ್ಯಪ್ ಅದನ್ನು ಕುಗ್ಗಿಸಿ ಹಿಂಡಿಬಿಟ್ಟಿರುತ್ತದೆ. ಎಚ್‌ಡಿ ಆಯ್ಕೆಯಲ್ಲಿ ಕಳಿಸಿದ್ದೂ ಮೂಲ ಕಡತವಲ್ಲ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮಾತ್ರ ಇದ್ದಂತೆ ತಲುಪುತ್ತದೆ. ಮೂಲ ನೋಡದೆ ಶಾರ್ಪ್‌ನೆಸ್ ಬಗ್ಗೆ ಮಾತಾಡಲೇಬೇಡಿ.

ಈಗ ನೀವು ಹೇಳದೇ ಬಿಟ್ಟದ್ದು. ಹಿಂದೆ ಫ್ಲೆಕ್ಸ್ ಇತ್ತು ಎಂದು ನನಗೆ ಬರೆದಿದ್ದೀರಿ, ಹುಡುಗನಿಗೆ ಹೇಳಿದ್ದರಲ್ಲಿ ಅದು ಇಲ್ಲ. ಆ ಚಿತ್ರದ ನಿಜವಾದ ತೊಡಕು ಅದೇ ಇರಬೇಕು. ನೋಡುವವರ ಕಣ್ಣು ಮೊದಲು ಹೋಗುವುದು ಅತಿ ಬೆಳಕಿರುವ ಕಡೆಗೆ, ಮನುಷ್ಯರ ಮುಖದ ಕಡೆಗೆ, ಅಕ್ಷರಗಳ ಕಡೆಗೆ. ಓದು ಬರುವವರು ಅಕ್ಷರ ಕಂಡರೆ ಓದದೇ ಇರಲಾರರು. ಕತ್ತಲಲ್ಲಿ ಹೊಳೆಯುವ ಫ್ಲೆಕ್ಸ್ ಮೇಲೆ ಅಕ್ಷರವೂ ಇದೆ, ಬೆಳಕೂ ಇದೆ, ಪ್ರಾಯೋಜಕರ ನಗುಮುಖವೂ ಇದೆ. ಪಾಪ, ಕೋಣಗಳು ಎಷ್ಟು ಓಡಿದರೂ ಅದರ ಮುಂದೆ ಸೋಲುತ್ತವೆ. "ನನ್ನ ಕಣ್ಣು ಮೊದಲು ಆ ಫ್ಲೆಕ್ಸಿಗೆ ಹೋಯಿತು, ಆಮೇಲೆ ನೀರಿಗೆ ಬಂತು. ಮುಂದಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ನಿಂತರೆ ಅದರ ಜಾಗದಲ್ಲಿ ಕತ್ತಲು ಬರಬಹುದಾ?" ಅಂದಿದ್ದರೆ ಹುಡುಗ ಮುಂದಿನ ಕಂಬಳಕ್ಕೆ ಹೋದಾಗ ಮೊದಲು ಅದನ್ನೇ ನೋಡುತ್ತಿದ್ದ.

ಒಂದು ಎಚ್ಚರಿಕೆಯೂ ಇದೆ. ಜಾಗ ಬದಲಿಸಲು ಹೇಳುವಾಗ ಆ ಜಾಗ ನಿಮಗೆ ಗೊತ್ತಿರಬೇಕು. ಓಟ ಮುಗಿಯುವ ಮಂಜೊಟ್ಟಿಯ ಕಡೆ ನಿಂತರೆ ಚಿತ್ರ ಚೆನ್ನಾಗಿ ಬರುತ್ತದೆ, ನಿಜ. ಆದರೆ ಕೋಣಗಳು ಅದೇ ರಭಸದಲ್ಲಿ ಮೇಲೇರಿ ಬರುವುದೂ ಅಲ್ಲಿಗೇ. "ಇನ್ನೂ ಹತ್ತಿರ ಹೋಗು" ಎಂದು ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ.

ನೀವು ಕೇಳಿದ ಇನ್ನೊಂದು ಮಾತು: ದೊಡ್ಡ ಫೋಟೊಗ್ರಾಫರ್ ಅಲ್ಲದವನು ಹೇಳಬಹುದೇ? ಹೇಳಬಹುದು, ಕೆಲವೊಮ್ಮೆ ಅಂಥವರ ಮಾತೇ ಹೆಚ್ಚು ಉಪಯೋಗ. ತೆಗೆದವರಿಗೆ ತಮ್ಮ ಚಿತ್ರ ಎಂದೂ ಬರಿಯ ಚಿತ್ರವಾಗಿ ಕಾಣುವುದಿಲ್ಲ. ನಿದ್ದೆಗೆಟ್ಟದ್ದು, ಕೆಸರಿನ ವಾಸನೆ, ಡೋಲು ಕೊಂಬಿನ ಸದ್ದು, ಕೊನೆಗೂ ಸಿಕ್ಕಿತಲ್ಲ ಎಂಬ ಖುಷಿ, ಎಲ್ಲವೂ ಅದಕ್ಕೆ ಅಂಟಿಕೊಂಡಿರುತ್ತವೆ. ನೋಡುವವನಿಗೆ ಸಿಗುವುದು ನಾಲ್ಕು ಅಂಚಿನ ಒಳಗೆ ಇರುವುದಷ್ಟೇ. ತೆಗೆದವನು ಅಂದುಕೊಂಡದ್ದರಲ್ಲಿ ಎಷ್ಟು ಆ ಅಂಚಿನೊಳಗೆ ಉಳಿದಿದೆ ಎಂಬುದನ್ನು ಅವನೇ ಕಂಡುಕೊಳ್ಳಲಾರ. ಅದನ್ನು ಹೇಳಲು ಬೇಕಾದದ್ದು ಹೊರಗಿನ ಒಂದು ಜೊತೆ ಕಣ್ಣು. "ಇದರಲ್ಲಿ ನನಗೆ ಕಂಡದ್ದು ಇದು" ಎನ್ನುವುದಕ್ಕೆ ಯಾವ ಪದವಿಯೂ ಬೇಡ. "ಹೀಗೆ ಸರಿಮಾಡು" ಎನ್ನುವುದಕ್ಕೆ ಮಾತ್ರ ಅನುಭವ ಬೇಕು.

ಮೊದಲು ಎರಡು ಹೊಗಳಿಕೆ, ಆಮೇಲೆ ಒಂದು ಟೀಕೆ ಎಂಬ ಸೂತ್ರವನ್ನೂ ನಿಮ್ಮ ಕೋರ್ಸಿನಲ್ಲಿ ಹೇಳಿರಬಹುದು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಾಲ್ಕು ಸಲ ಕೇಳಿದ ಮೇಲೆ ಜನ ಹೊಗಳಿಕೆ ಶುರುವಾದ ಕೂಡಲೇ "ಆದರೆ" ಯಾವಾಗ ಬರುತ್ತದೆ ಎಂದು ಕಾಯುತ್ತಾರೆ. ಹೊಗಳುವುದಾದರೆ ಜಾಗ ತೋರಿಸಿ ಹೊಗಳಿ. "ಸೂಪರ್" ಅಂದರೆ ಏನನ್ನು ಉಳಿಸಿಕೊಳ್ಳಬೇಕೆಂದು ಅವನಿಗೆ ತಿಳಿಯುವುದಿಲ್ಲ. "ಬಲಗಡೆಯ ಕೋಣದ ಕಣ್ಣಿನಲ್ಲಿ ದೀಪದ ಚುಕ್ಕಿ ಹೊಳೆಯುತ್ತಿದೆ, ಅದರಿಂದ ಜೀವ ಬಂದಿದೆ" ಅಂದರೆ ತಿಳಿಯುತ್ತದೆ.

ಈಗ ಹೆಡ್‌ಮಾಸ್ಟರರ ತೇರು. ನೀವು "ಸೂಪರ್ ಸರ್" ಅಂದದ್ದಕ್ಕೆ ಇಷ್ಟೊಂದು ನಾಚಿಕೊಳ್ಳಬೇಕಿಲ್ಲ. ಹದಿನೈದು ಜನರ ಮುಂದೆ, ಅದರಲ್ಲೂ ಅವರ ಹಳೆಯ ಶಿಷ್ಯರೂ ಇರಬಹುದಾದ ಕಡೆ, ಅವರ ಕೆಲಸವನ್ನು ತಿದ್ದುವುದು ನಮ್ಮ ಕಡೆ ನಡೆಯುವ ಮಾತಲ್ಲ, ನಡೆಯಬೇಕಾಗಿಯೂ ಇಲ್ಲ. ಆದರೆ ಅಲ್ಲಿಗೇ ಬಿಟ್ಟರೆ ಅವರು ಮುಂದಿನ ವರ್ಷದ ಕೊಡಿಹಬ್ಬಕ್ಕೆ ಬಣ್ಣ ಇನ್ನೂ ಏರಿಸುತ್ತಾರೆ. ಎಲ್ಲರೂ ಮೆಚ್ಚಿದ್ದಾರಲ್ಲ.

ಅತಿಯಾದ ಬಣ್ಣದಲ್ಲಿ ಏನು ಹಾಳಾಗುತ್ತದೆ ಎಂಬುದನ್ನು ರುಚಿಯ ವಿಷಯವಾಗಿ ಅಲ್ಲದೆ ಕಣ್ಣಿಗೆ ಕಾಣುವಂತೆ ತೋರಿಸಬಹುದು. ಸಾಮಾನ್ಯ ಜೆಪಿಜಿ ಚಿತ್ರದಲ್ಲಿ ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಬೆಲೆ ಇರುತ್ತದೆ. ತೇರಿನ ಕೆಂಪು ಪತಾಕೆಯಲ್ಲಿ ಬೆಳಕು ಬಿದ್ದ ಮಡಿಕೆ 230, ಅದರ ಪಕ್ಕದ್ದು 200 ಇದ್ದರೆ ಆ ವ್ಯತ್ಯಾಸದಿಂದಲೇ ಅದು ಗಾಳಿಗೆ ಹಾರುವ ಬಟ್ಟೆ ಎಂದು ನಮಗೆ ತಿಳಿಯುವುದು. ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುತ್ತ ಹೋದರೆ ಎರಡೂ 255ಕ್ಕೆ ಹೋಗಿ ನಿಲ್ಲುತ್ತವೆ. ಮಡಿಕೆ ಹೋಗಿ ಕೆಂಪು ಬಳಿದ ತಟ್ಟೆಯಂತಾಗುತ್ತದೆ. ಒಬ್ಬರೇ ಇದ್ದಾಗ, ಮೂಲ ಕಡತವನ್ನೂ ಎಡಿಟ್ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು "ಸರ್, ಪತಾಕೆಯ ಮಡಿಕೆ ಮೂಲದಲ್ಲಿ ಎಷ್ಟು ಚಂದ ಇದೆ, ಇದರಲ್ಲಿ ಹೋಗಿದೆಯಲ್ಲ" ಅನ್ನಿ. ಅವರೇ ಸ್ಲೈಡರ್ ಹಿಂದಕ್ಕೆ ಎಳೆಯುತ್ತಾರೆ. ಎಳೆಯದೆ "ನನಗೆ ಹೀಗೇ ಇಷ್ಟ" ಅಂದರೆ, ಬಿಟ್ಟುಬಿಡಿ. ಅದು ಅವರ ಚಿತ್ರ.

ಕಾರಣ ಬೇರೆಯೂ ಇರಬಹುದು. ಅನೇಕ ಮೊಬೈಲ್‌ಗಳ ಪರದೆ ಬಣ್ಣವನ್ನು ಎತ್ತಿ ತೋರಿಸುತ್ತದೆ, ನಿಮ್ಮ ಪ್ರೊಜೆಕ್ಟರ್ ಕೂಡ ಕೆಂಪನ್ನು ಹಿಗ್ಗಿಸುತ್ತಿರಬಹುದು. ಹಾಗಾಗಿ ಬಣ್ಣದ ಬಗ್ಗೆ ಹೇಳುವ ಮೊದಲು ಇನ್ನೊಂದು ಪರದೆಯಲ್ಲಿ ನೋಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಬಣ್ಣಗಳು, ಮುಖ್ಯವಾಗಿ ನೀಲಿ, ಮಂಕಾಗಿ ಕಾಣುವುದೂ ಉಂಟು. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆಗೆ ಕಣ್ಣಿನ ಪೊರೆ ಬಂದು ಬಣ್ಣಗಳೇ ಬದಲಾಗಿ, 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಇದು ನಿಮ್ಮ ತಿಳಿವಳಿಕೆಗೆ ಮಾತ್ರ. ಹೆಡ್‌ಮಾಸ್ಟರರ ಮುಂದೆ ದಯವಿಟ್ಟು ಎತ್ತಬೇಡಿ.

ಹಾಗಾದರೆ ಎಲ್ಲರಿಗೂ ಗುಟ್ಟಾಗಿಯೇ ಹೇಳಿಬಿಡಬಹುದೇ? ಅದರಲ್ಲಿ ಅನುಕೂಲ ಹೆಚ್ಚು, ಆದರೆ ಉಳಿದ ಹದಿಮೂರು ಜನರಿಗೆ ಏನೂ ಸಿಗುವುದಿಲ್ಲ. ಹೊರಗೆ ಎಲ್ಲರೂ "ಸೂಪರ್" ಅಂದು, ಒಳಗೊಳಗೆ ಬೇರೆ ಮಾತಾಡುವ ಕೂಟ ಬಹಳ ದಿನ ಬಾಳುವುದೂ ಇಲ್ಲ. ಎಲ್ಲರ ಮುಂದೆ ಹೇಳಿದರೆ ಎಲ್ಲರೂ ಕಲಿಯುತ್ತಾರೆ, ಒಬ್ಬ ನೊಂದರೆ ಮಾತ್ರ ಅದಕ್ಕೆ ಹದಿನೈದು ಸಾಕ್ಷಿ. ಬರೆದು ಕಳಿಸುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಬರಹದಲ್ಲಿ ನಮ್ಮ ದನಿ ಹೋಗುವುದಿಲ್ಲ, ಮೆತ್ತಗೆ ಹೇಳಿದ್ದೂ ಷರಾ ಬರೆದಂತೆ ಓದಿಸುತ್ತದೆ. ನನ್ನ ಅನುಭವದಲ್ಲಿ ಸಭೆಯ ಕ್ರಮವನ್ನೇ ಬದಲಿಸುವುದು ಹೆಚ್ಚು ಫಲ ಕೊಡುತ್ತದೆ. ಚಿತ್ರ ಪರದೆಗೆ ಬಂದಾಗ ತೆಗೆದವರು ಸ್ವಲ್ಪ ಹೊತ್ತು ಸುಮ್ಮನಿರಲಿ, ಶೀರ್ಷಿಕೆಯನ್ನೂ ಹೇಳದಿರಲಿ. ಇಬ್ಬರು ಮೂವರು ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಎಂದಷ್ಟೇ ಹೇಳಲಿ, ಚೆನ್ನಾಗಿದೆ ಚೆನ್ನಾಗಿಲ್ಲ ಎಂಬುದು ಬೇಡ. ನಂತರ ತೆಗೆದವರು "ನಾನು ತೋರಿಸಬೇಕೆಂದುಕೊಂಡದ್ದು ಇದು" ಎನ್ನಲಿ. ಎರಡೂ ಒಂದೇ ಆಗಿದ್ದರೆ ಚಿತ್ರ ಗೆದ್ದಿದೆ. ಬೇರೆಯಾಗಿದ್ದರೆ ಸಲಹೆಯ ಜಾಗ ತಾನಾಗಿ ತೆರೆದುಕೊಳ್ಳುತ್ತದೆ. ಈ ಕ್ರಮ ಇದ್ದಿದ್ದರೆ ನಿಶಾನೆಯ ವಿಷಯ ಒಂದೇ ನಿಮಿಷದಲ್ಲಿ ಹೊರಬರುತ್ತಿತ್ತು. ಇದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನಿಜ. ಹದಿನೈದು ಜನ, ಒಬ್ಬರಿಗೆ ಒಂದೇ ಚಿತ್ರ, ಐದೈದು ನಿಮಿಷ ಅಂದರೂ ಒಂದೂಕಾಲು ಗಂಟೆ. ಒಬ್ಬೊಬ್ಬರು ಎಂಟು ಹತ್ತು ಚಿತ್ರ ತೋರಿಸುವ ಅಭ್ಯಾಸ ಇದ್ದರೆ ಅದನ್ನು ನಿಲ್ಲಿಸಬೇಕಾಗುತ್ತದೆ, ಕೆಲವರು ಗೊಣಗುತ್ತಾರೆ.

ಸಲಹೆ ಒಂದೇ ಇರಲಿ. ಅದು ಮುಂದಿನ ಸಲ ಮಾಡಬಹುದಾದದ್ದೋ, ಇವತ್ತು ರಾತ್ರಿ ಎಡಿಟಿಂಗ್‌ನಲ್ಲಿ ಸರಿಮಾಡಬಹುದಾದದ್ದೋ ಎಂದು ಹೇಳುವ ಮೊದಲೇ ನೀವು ವಿಂಗಡಿಸಿಕೊಳ್ಳಿ. ಎರಡೂ ಅಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಫೋಟೊ ವಾಲಿದ್ದು ಎಡಿಟಿಂಗ್‌ನಲ್ಲಿ ಅರ್ಧ ನಿಮಿಷದ ಕೆಲಸ, ಅದನ್ನು ಸಭೆಯಲ್ಲಿ ಎತ್ತುವ ಅಗತ್ಯವೇ ಇರಲಿಲ್ಲ. ನೇರ ಮಾಡುವಾಗ ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ, ನಿಶಾನೆ ಅಂಚಿನಲ್ಲೇ ಇದ್ದರೆ ಅದನ್ನು ಮಾತ್ರ ನೋಡಿಕೊಳ್ಳಬೇಕು.

ಸ್ಪರ್ಧೆಗೆ ಕಳಿಸುವ ಚಿತ್ರವಾದರೆ ಲೆಕ್ಕ ಬೇರೆ. ನಮ್ಮಲ್ಲಿ ಸಲೋನ್ (ಫೋಟೊ ಸ್ಪರ್ಧೆ, ಪ್ರದರ್ಶನ) ಸಂಸ್ಕೃತಿ ಹಳೆಯದು. ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ. ಹೀಗಾಗಿ ತೀರ್ಪುಗಾರರ ಧಾಟಿಯೇ ಅಭಿಪ್ರಾಯ ಹೇಳುವ ಧಾಟಿ ಎಂದು ಅನೇಕರು ತಿಳಿದಿದ್ದಾರೆ. ಸಲೋನ್‌ನಲ್ಲಿ ಸಾವಿರಾರು ಚಿತ್ರಗಳು ಕೆಲವೇ ಸೆಕೆಂಡುಗಳಂತೆ ಸಾಗುತ್ತವೆ, ತೀರ್ಪುಗಾರ ಅಂಕ ಒತ್ತುತ್ತಾನೆ. ಅಲ್ಲಿ ಆಯ್ಕೆ ನಡೆಯುತ್ತದೆ, ಕಲಿಕೆ ಅಲ್ಲ. ಜೊತೆಗೆ ನಿಯಮಗಳನ್ನು ತಿಳಿಯದೆ ಕೊಟ್ಟ ಸಲಹೆ ಹಾನಿಯನ್ನೇ ಮಾಡೀತು. ಹಕ್ಕಿಯ ಮುಂದೆ ಬಂದ ಕಡ್ಡಿಯನ್ನು ಫೋಟೊಶಾಪ್‌ನಲ್ಲಿ ಅಳಿಸು ಎಂದು ನೀವು ಹೇಳಿದಿರಿ, ಅವನು ಅಳಿಸಿ ನೇಚರ್ ವಿಭಾಗಕ್ಕೆ ಕಳಿಸಿದ ಎನ್ನಿ, ಚಿತ್ರ ಅನರ್ಹವಾಗುತ್ತದೆ. ಅಂತರರಾಷ್ಟ್ರೀಯ ಸಲೋನ್‌ಗಳು ಒಪ್ಪಿಕೊಂಡಿರುವ ನೇಚರ್ ವ್ಯಾಖ್ಯೆಯಲ್ಲಿ ಕ್ರಾಪ್ ಮಾಡಬಹುದು, ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ.

ಮೆತ್ತಗೆ ಹೇಳಬಾರದ ಸಂದರ್ಭಗಳೂ ಇವೆ. ಯಾರಾದರೂ ಹಕ್ಕಿಯ ಗೂಡಿನ ಮುಂದಿನ ಕೊಂಬೆ ಸರಿಸಿ ಮರಿಗಳ ಚಿತ್ರ ತೆಗೆದು ತಂದರೆ "ಬೆಳಕು ಚೆನ್ನಾಗಿದೆ" ಎಂದು ಶುರುಮಾಡಬೇಡಿ. ಮರೆ ಹೋದ ಗೂಡಿಗೆ ಕಾಗೆಯೋ ಗಿಡುಗವೋ ಬರುತ್ತದೆ, ತಾಯಿ ಗೂಡು ಬಿಟ್ಟು ಹೋಗುವುದೂ ಉಂಟು. ನಮ್ಮ ದೇಶದ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಹಾಗೆಯೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು, ಅಳುವ ಮಗು, ಮೈಮೇಲೆ ಬಟ್ಟೆ ಸರಿಯಿಲ್ಲದೆ ಬೀದಿಯಲ್ಲಿ ಮಲಗಿದವರು, ಇಂಥ ಚಿತ್ರ ಬಂದರೆ "ಅವರನ್ನು ಕೇಳಿ ತೆಗೆದಿರಾ?" ಎಂಬುದು ಮೊದಲ ಪ್ರಶ್ನೆಯಾಗಲಿ. ಕಾಂಪೊಸಿಷನ್ ಆಮೇಲೆ. ಇಲ್ಲಿ ಒಬ್ಬರು ಬೇಜಾರಾಗಿ ಕೂಟ ಬಿಟ್ಟರೂ ನಾನು ಹೇಳುವುದನ್ನು ಬಿಡುವುದಿಲ್ಲ.

ಆ ಹುಡುಗನನ್ನು ಏನು ಮಾಡುವುದು? ಸಂದೇಶ ಕಳಿಸಬೇಡಿ, ಹೋಗಿ ಮಾತಾಡಿಸಿ. "ತಪ್ಪಾಯಿತು" ಎಂದು ದೊಡ್ಡದು ಮಾಡಿದರೆ ಅವನಿಗೇ ಮುಜುಗರ. ನಿಶಾನೆಯ ವಿಷಯ ಈಗ ಗೊತ್ತಾಯಿತು ಅನ್ನಿ, ಆ ಓಟದಲ್ಲಿ ನೀರು ಬಟ್ಟೆ ಮುಟ್ಟಿತಾ, ನೀನು ನಿಂತದ್ದೆಲ್ಲಿ, ಅದಕ್ಕೂ ಮೊದಲು ಎಷ್ಟು ಓಟ ಕಾದೆ ಎಂದು ಕೇಳಿ. ಹೇಳಲು ಅವನ ಬಳಿ ಬಹಳ ಇರುತ್ತದೆ. ಫ್ಲೆಕ್ಸ್ ವಿಷಯ ಅವತ್ತೇ ಎತ್ತಬೇಡಿ. ಕಂಬಳದ ಋತು ನವೆಂಬರ್‌ನಿಂದ ಸುಮಾರು ಏಪ್ರಿಲ್‌ವರೆಗೂ ನಡೆಯುತ್ತದೆ, ಸಾಧ್ಯವಾದರೆ ಒಂದಕ್ಕೆ ಅವನ ಜೊತೆ ನೀವೂ ಹೋಗಿ. ಕರೆಯ ಪಕ್ಕ ನಿಂತಾಗ "ಇಲ್ಲಿಂದ ಆ ಬ್ಯಾನರ್ ಬರುತ್ತೆ ನೋಡು" ಎಂದರೆ ಅದು ಟೀಕೆ ಅನ್ನಿಸುವುದೇ ಇಲ್ಲ.

ಇನ್ನು ಅಕ್ಕನ ಮಗಳು. ದಿನಾ ಕಳಿಸುವ ಎಲ್ಲ ಚಿತ್ರಗಳಿಗೂ ಅಭಿಪ್ರಾಯ ಬೇಡ, ವಾರಕ್ಕೊಂದನ್ನು ಅವಳೇ ಆರಿಸಲಿ. ತನ್ನ ಚಿತ್ರಗಳಲ್ಲಿ ಒಂದನ್ನು ಆರಿಸುವುದೇ ಅರ್ಧ ಕಲಿಕೆ. ಏಕೆ ಆರಿಸಿದೆ ಎಂದು ಒಂದು ಸಾಲು ಬರೆಯಲಿ, ನೀವು ಆ ಸಾಲಿಗೆ ಉತ್ತರ ಕೊಡಿ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆಯುತ್ತಿದ್ದರೆ ಕಿವಿಯೋಲೆ, ಕನ್ನಡಕದ ಅಂಚು, ಹಾರುವ ಕೂದಲು ಇವುಗಳ ಹತ್ತಿರ ದೊಡ್ಡದು ಮಾಡಿ ನೋಡಲು ಹೇಳಿ. ಫೋನು ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅವುಗಳನ್ನೂ ತಿಂದುಹಾಕಿರುತ್ತದೆ. ಸಂಜೆ ದೀಪದ ಚಿತ್ರಗಳೆಲ್ಲ ಮಂಜು ಕವಿದಂತಿದ್ದರೆ ಬೇರೆ ಏನೂ ಹೇಳುವ ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ ಇನ್ನೊಂದು ತೆಗೆದು ಕಳಿಸಲು ಹೇಳಿ. ಫೋಟೊ ಡಾಕ್ಯುಮೆಂಟ್ ಆಗಿಯೇ ಬರಲಿ.